ಸಿಟ್ಟು ನೆತ್ತಿಗೇರಿದಾಗ ಹೀಗೆ ಮಾಡಿ

ದಾವಣಗೆರೆ ಮಂಡಿಪೇಟೆಯ ಸೀರೆ ಅಂಗಡಿಯಲ್ಲಿ ನನ್ನ ಕೆಲಸ. ರಾಶಿ ಸೀರೆ ಬಿಚ್ಚಿಸಿ, "ಆಮೇಲೆ ಬರ್ತೀವಿ" ಎಂದು ಎದ್ದು ಹೋಗುವವರು ದಿನಾ ಇರುತ್ತಾರೆ. ಸಿಟ್ಟು ಬಂದಾಗ ಮೊದಲು ಮೈ ಗಮನಿಸಿ. ನನಗಂತೂ ಕಿವಿ ಬಿಸಿಯಾಗುತ್ತದೆ, ದವಡೆ ಬಿಗಿಯುತ್ತದೆ.

ಆಮೇಲೆ ಒಳಗಿರುವುದಕ್ಕೆ ಸರಿಯಾದ ಹೆಸರು ಕೊಡಿ. ಸುಮ್ನೆ ಸಿಟ್ಟು ಅಂದರೆ ಸಾಲದು. ಅವಮಾನವಾ? ಸುಸ್ತಾ? ಮೂರು ಗಂಟೆಯಾದರೂ ಊಟ ಆಗಿಲ್ಲವಾ? ನನ್ನದು ಎಷ್ಟೋ ಸಲ ಬರೀ ಹಸಿವು. 2007ರಲ್ಲಿ ಅಮೆರಿಕದ ಮನೋವಿಜ್ಞಾನಿ ಮ್ಯಾಥ್ಯೂ ಲೀಬರ್ಮನ್ ತಂಡ ಜನರಿಗೆ ಮುಖಭಾವದ ಚಿತ್ರ ತೋರಿಸಿ, ಮಿದುಳು ಸ್ಕ್ಯಾನ್ ಮಾಡಿತ್ತು. ಆ ಮುಖದ ಭಾವನೆಗೆ ಹೆಸರಿಟ್ಟಾಗ, ಭಯ, ಸಿಟ್ಟಿನಂಥ ಭಾವನೆಗಳಿಗೆ ಸ್ಪಂದಿಸುವ ಅಮಿಗ್ಡಲಾ ಎಂಬ ಮಿದುಳಿನ ಭಾಗದ ಚಟುವಟಿಕೆ ಇಳಿದಿತ್ತು.

ಇನ್ನು ಉಸಿರು. ಎಳೆದುಕೊಂಡದ್ದಕ್ಕಿಂತ ಜಾಸ್ತಿ ಹೊತ್ತು ಬಿಡಿ, ಎದೆಬಡಿತ ನಿಧಾನವಾಗುತ್ತದೆ. ನಾನು ಸೀರೆ ಮಡಚುತ್ತಲೇ ಮಾಡುತ್ತೇನೆ, ಒಂದು ಮಡಿಕೆಗೆ ಒಂದು ಉಸಿರು. ಮಾತಾಡಲೇಬೇಕಿದ್ದರೆ ಇಷ್ಟಾದ ಮೇಲೆ ಆಡಿ. ಮನೆಯವರ ಮೇಲಿನ ಸಿಟ್ಟಿಗೂ ಇದೇ ಕ್ರಮ. ಅಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಬೇಕಾಗುತ್ತದೆ, ಅಲ್ವಾ?