ನಾಲ್ಕು ಗಂಟೆಯ ಹೊಟ್ಟೆ ಉಬ್ಬರಕ್ಕೆ ಮಧ್ಯಾಹ್ನದ ಊಟ ಕಾರಣವಾಗಿರಲಿಲ್ಲ

ಮೂರು ವರ್ಷ ಪ್ರತಿದಿನ ಸಂಜೆ ನಾಲ್ಕರ ಹೊತ್ತಿಗೆ ನನ್ನ ಹೊಟ್ಟೆ ಉಬ್ಬಿ ನಿಲ್ಲುತ್ತಿತ್ತು. ಬೆಲ್ಟ್ ಒಂದು ತೂತು ಸಡಿಲಿಸಬೇಕಾಗುತ್ತಿತ್ತು. ಆಮೇಲೆ ಗುಡುಗುಡು ಸದ್ದು, ಪಕ್ಕೆಯಲ್ಲಿ ಹಿಡಿತ, ಗ್ಯಾಸ್. ಸಭೆಗಳಲ್ಲಿ ಬಾಗಿಲ ಹತ್ತಿರದ ಕುರ್ಚಿ ಹುಡುಕುತ್ತಿದ್ದೆ. ನಾಲ್ಕು ಜನ ಒಂದೇ ಕಾರಿನಲ್ಲಿ ಹೋಗಬೇಕೆಂದರೆ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಗಂಟೆಗಟ್ಟಲೆ ತಡೆದು ಕೂತರೆ ನೋವು ಇನ್ನೂ ಹೆಚ್ಚುತ್ತಿತ್ತು. ಮನೆಯಲ್ಲೂ ಬಾಯಿಬಿಟ್ಟು ಹೇಳಿರಲಿಲ್ಲ. ಕೊನೆಗೆ ಹೆಂಡತಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು: "ಇಷ್ಟು ದಿನ ಯಾಕ್ರೀ ಹೇಳಲಿಲ್ಲ?"

ಆ ಮೂರು ವರ್ಷ ನಾನು ಸುಮ್ಮನೆ ಕೂತಿರಲಿಲ್ಲ. ಆದರೆ ಮಾಡಿದ್ದೆಲ್ಲ ತಪ್ಪು. ನಾಲ್ಕಕ್ಕೆ ಉಬ್ಬರ ಎಂದರೆ ಒಂದು ಗಂಟೆಗೆ ತಿಂದದ್ದೇ ಕಾರಣ ಎಂದುಕೊಂಡು, ಮಧ್ಯಾಹ್ನದ ಊಟದಿಂದ ಮೊದಲು ಬೇಳೆ, ಕಾಳು ಬಿಟ್ಟೆ. ಕಡಿಮೆಯಾಗಲಿಲ್ಲ. ಎದೆಯುರಿಯ ಮಾತ್ರೆ ನುಂಗಿದೆ. ಅದು ಹೊಟ್ಟೆಯ ಆಮ್ಲಕ್ಕೆ ಕೊಡುವ ಔಷಧ, ಕರುಳಿನ ಗ್ಯಾಸಿಗೆ ಏನೂ ಮಾಡುವುದಿಲ್ಲ ಎಂಬುದು ಆಗ ಗೊತ್ತಿರಲಿಲ್ಲ. ನಾರು ಒಳ್ಳೆಯದೆಂದು ಕೇಳಿ ಗೋಧಿ ಹೊಟ್ಟು, ಹಸಿ ತರಕಾರಿ, ದಿನಕ್ಕೆರಡು ಸೇಬು ಶುರು ಮಾಡಿದೆ. ಒಂದೇ ವಾರದಲ್ಲಿ ತೊಂದರೆ ದುಪ್ಪಟ್ಟಾಯಿತು. ಬಾಯಿ ವಾಸನೆಯ ಅಂಜಿಕೆಯಿಂದ ದಿನವಿಡೀ ಸಕ್ಕರೆರಹಿತ ಚೂಯಿಂಗ್ ಗಮ್ ಅಗಿಯುತ್ತಿದ್ದೆ. ಅದೂ ಒಬ್ಬ ಅಪರಾಧಿ ಎಂದು ತಿಳಿಯಲು ಬಹಳ ದಿನ ಬೇಕಾಯಿತು.

ಕೊನೆಗೆ ಗೋಧಿಯನ್ನೇ ಬಿಡೋಣ ಎಂದು ತೀರ್ಮಾನಿಸಿದ ವಾರ ವೈದ್ಯರ ಬಳಿ ಹೋದೆ. ಅವರು ಮೊದಲು ಕೇಳಿದ್ದು ಗ್ಯಾಸಿನ ಬಗ್ಗೆ ಅಲ್ಲ. ತೂಕ ಇಳಿದಿದೆಯೇ, ಮಲದಲ್ಲಿ ರಕ್ತ ಕಂಡಿದೆಯೇ, ನೋವು ಅಥವಾ ಭೇದಿ ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆಯೇ, ಜ್ವರ ಬರುತ್ತದೆಯೇ, ರಕ್ತಹೀನತೆ ಇದೆಯೇ, ಮನೆಯಲ್ಲಿ ಯಾರಿಗಾದರೂ ಕರುಳಿನ ಕಾಯಿಲೆ ಇತ್ತೇ ಎಂದು. ಇವುಗಳಲ್ಲಿ ಒಂದಕ್ಕಾದರೂ ಹೌದು ಎನ್ನುವವರು ಮನೆಯಲ್ಲಿ ಪಥ್ಯದ ಪ್ರಯೋಗ ಮಾಡುತ್ತ ಕೂರಬಾರದು, ಮೊದಲು ತಪಾಸಣೆ ಆಗಲೇಬೇಕು. ನನ್ನದು ಎಲ್ಲಕ್ಕೂ ಇಲ್ಲ. ಗೋಧಿ ಬಿಡುತ್ತೇನೆ ಎಂದಾಗ ಅವರು, "ಈಗಲೇ ಬಿಡಬೇಡಿ, ಮೊದಲು ರಕ್ತ ಪರೀಕ್ಷೆ ಆಗಲಿ" ಎಂದರು. ಗೋಧಿಯ ಗ್ಲುಟೆನ್ ಒಗ್ಗದೆ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆ ಇದೆಯೇ ಎಂದು ನೋಡುವ ಆ ಪರೀಕ್ಷೆ, ಗೋಧಿ ತಿನ್ನುತ್ತಿರುವಾಗ ಮಾತ್ರ ನಂಬುವಂಥದ್ದು. ವಾರಗಟ್ಟಲೆ ಬಿಟ್ಟು ಪರೀಕ್ಷಿಸಿದರೆ ಕಾಯಿಲೆ ಇದ್ದರೂ ಇಲ್ಲವೆಂದು ಬರಬಹುದು. ಇನ್ನೊಂದೆರಡು ದಿನದಲ್ಲಿ ಗೋಧಿ ಬಿಟ್ಟು ನಾನು ಆ ದಾರಿ ಮುಚ್ಚಿಕೊಳ್ಳಲಿದ್ದೆ. ಪರೀಕ್ಷೆಯಲ್ಲಿ ಏನೂ ಬರಲಿಲ್ಲ. ಆಮೇಲೆ ಅವರು ಬರೆದುಕೊಟ್ಟದ್ದು ಮಾತ್ರೆಯನ್ನಲ್ಲ. ಒಂದು ನೋಟ್‌ಬುಕ್ ಇಡಲು ಹೇಳಿದರು.

ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ: ತಿಂದ ಸಮಯ, ಏನು ಎಷ್ಟು ತಿಂದೆ, ತೊಂದರೆ ಶುರುವಾದ ಸಮಯ, ಯಾವ ಬಗೆಯ ತೊಂದರೆ. ಹೂಸಿನ ಲೆಕ್ಕವನ್ನೂ ಗೀಟು ಹಾಕಿ ಬರೆದೆ. ಆರೋಗ್ಯವಂತರಿಗೂ ದಿನಕ್ಕೆ 10ರಿಂದ 20 ಸಲ ಹೋಗುವುದು ಸಹಜ. ನನ್ನದು ಮೊದಲ ವಾರ 30 ದಾಟುತ್ತಿತ್ತು. ಎಣಿಸಿದ್ದರಿಂದ ಒಂದು ಲಾಭವಾಯಿತು: "ಬಹಳ" ಎನ್ನುವ ಮಾತಿನ ಜಾಗದಲ್ಲಿ ಒಂದು ಸಂಖ್ಯೆ ಬಂತು. ಅದು ಇಳಿಯುತ್ತಿದೆಯೋ ಇಲ್ಲವೋ ನೋಡಬಹುದಾಯಿತು.

ಬಗೆ ಬರೆದದ್ದೂ ಉಪಯೋಗಕ್ಕೆ ಬಂತು. ತೇಗು ಹೆಚ್ಚಾಗಿ ನುಂಗಿದ ಗಾಳಿ. ಗಬಗಬ ತಿನ್ನುವುದು, ಗಮ್ ಅಗಿಯುವುದು, ಸೋಡಾ ಕುಡಿಯುವುದು ಬಿಟ್ಟ ಮೇಲೆ ಅದು ವಾರದಲ್ಲೇ ಇಳಿಯಿತು. ಕೆಳಗಿನ ಗ್ಯಾಸ್ ಬೇರೆ. ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಉಳಿದ ಸಕ್ಕರೆ, ಪಿಷ್ಟ, ನಾರು ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿಸಿದಾಗ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಹುಟ್ಟುತ್ತವೆ. ಇವಕ್ಕೆ ವಾಸನೆಯೇ ಇಲ್ಲ. ವಾಸನೆ ಬರುವುದು ಒಟ್ಟು ಗ್ಯಾಸಿನಲ್ಲಿ ಶೇ 1ರಷ್ಟೂ ಇರದ ಗಂಧಕದ ಸಂಯುಕ್ತಗಳಿಂದ. ಹಾಗಾಗಿ ಪ್ರಮಾಣ ಹೆಚ್ಚಿರುವುದು ಒಂದು ಸಮಸ್ಯೆ, ವಾಸನೆ ಇನ್ನೊಂದು. ಮೊಟ್ಟೆ, ಮಾಂಸ, ಎಲೆಕೋಸು ತಿಂದ ದಿನ ನನಗೆ ವಾಸನೆ ಹೆಚ್ಚುತ್ತಿತ್ತು, ಉಬ್ಬರ ಹೆಚ್ಚುತ್ತಿರಲಿಲ್ಲ. ಅದು ಗೊತ್ತಾದ ಮೇಲೆ ಮೊಟ್ಟೆಯ ಮೇಲಿನ ಅನುಮಾನ ಬಿಟ್ಟೆ.

ಆದರೆ ನನ್ನ ಕಣ್ಣು ತೆರೆಸಿದ್ದು ಸಮಯದ ಕಾಲಂ. ಊಟ ದೊಡ್ಡ ಕರುಳಿನ ಬಾಗಿಲು ಮುಟ್ಟಲು ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು, ಅಲ್ಲಿ ಹುಳಿದು ಗ್ಯಾಸ್ ತುಂಬಲು ಮತ್ತಷ್ಟು ಹೊತ್ತು. ಹಾಲಿನಂಥ ದ್ರವದಲ್ಲಿರುವ ಸಕ್ಕರೆ ಮಾತ್ರ ಬೇಗ ಇಳಿಯುತ್ತದೆ, ಅರ್ಧದಿಂದ ಎರಡು ಗಂಟೆಯೊಳಗೇ ಸದ್ದು ಮಾಡಬಹುದು. ಅಂದರೆ ನಾಲ್ಕು ಗಂಟೆಯ ಉಬ್ಬರ ಬೆಳಗ್ಗೆ ಎಂಟಕ್ಕೆ ತಿಂದದ್ದರ ಫಲ. ಎಂಟಕ್ಕೆ ನಾನು ತಿನ್ನುತ್ತಿದ್ದದ್ದು ಬ್ರೆಡ್, ಈರುಳ್ಳಿ ತುಂಬಿದ ಆಮ್ಲೆಟ್, ಒಂದು ಸೇಬು. ಮೂರು ವರ್ಷ ಮಧ್ಯಾಹ್ನದ ತಟ್ಟೆಯನ್ನು ಬೈದದ್ದು ಸುಳ್ಳಾಯಿತು. ರಾತ್ರಿ ಒಂಬತ್ತಕ್ಕೆ ದೊಡ್ಡ ಲೋಟದಲ್ಲಿ ಹಾಲು ಕುಡಿದರೆ ಹತ್ತೂವರೆಗೆ ಗುಡುಗುಡು, ಇದು ಬೇರೆಯದೇ ಕಥೆ ಎಂದೂ ಅದೇ ಕಾಲಂ ಹೇಳಿತು.

ಕರುಳಿನಲ್ಲಿ ಸರಿಯಾಗಿ ಹೀರಲ್ಪಡದೆ ಹುಳಿಯುವ ಈ ಬಗೆಯ ಸಕ್ಕರೆಗಳಿಗೆಲ್ಲ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಫಾಡ್‌ಮ್ಯಾಪ್ ಎಂದು ಒಟ್ಟು ಹೆಸರಿಟ್ಟರು. ಗೋಧಿ, ಈರುಳ್ಳಿ, ಬೆಳ್ಳುಳ್ಳಿಯ ಫ್ರಕ್ಟಾನ್, ಕಾಳುಗಳ ಗ್ಯಾಲಕ್ಟೋ ಸಕ್ಕರೆ, ಹಾಲಿನ ಲ್ಯಾಕ್ಟೋಸ್, ಸೇಬು, ಮಾವು, ಜೇನುತುಪ್ಪದ ಹೆಚ್ಚುವರಿ ಫ್ರಕ್ಟೋಸ್, ಚೂಯಿಂಗ್ ಗಮ್ಮಿಗೆ ಸಕ್ಕರೆಯ ಬದಲು ಸಿಹಿಗಾಗಿ ಹಾಕುವ ಸಾರ್ಬಿಟಾಲ್, ಜೈಲಿಟಾಲ್, ಎಲ್ಲವೂ ಅದರೊಳಗೆ. ಆಹಾರತಜ್ಞೆಯೊಬ್ಬರ ಸಲಹೆಯಂತೆ ಮೂರು ವಾರ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿದೆ. ಅನ್ನ, ಆಲೂಗಡ್ಡೆ, ಮೊಟ್ಟೆ, ಮೀನು, ಕ್ಯಾರೆಟ್, ಟೊಮೆಟೊ, ಕಿತ್ತಳೆ, ಹೆಚ್ಚು ಹಣ್ಣಾಗದ ಬಾಳೆಹಣ್ಣು, ಇವಿಷ್ಟರಲ್ಲಿ ಊಟ. ಎರಡನೇ ವಾರದ ನಡುವೆ ಒಂದು ಸಂಜೆ ನಾಲ್ಕು ದಾಟಿ ಐದೂವರೆ ಆದದ್ದು ನೋಡಿದೆ. ಹೊಟ್ಟೆ ಹಗುರವಾಗಿತ್ತು. ಹೆಂಡತಿಗೆ ಫೋನ್ ಮಾಡಿ ಹೇಳಿದೆ, ಅಷ್ಟು ಖುಷಿಯಾಗಿತ್ತು.

ಅಷ್ಟಕ್ಕೇ ನಿಲ್ಲಿಸುವ ಆಸೆಯಾಗುವುದು ಸಹಜ. ನಿಲ್ಲಿಸಬಾರದು. ಕರುಳಿಗೆ ಒಳ್ಳೆಯದು ಮಾಡುವ ಬ್ಯಾಕ್ಟೀರಿಯಾದ ಆಹಾರವೂ ಇವೇ ಸಕ್ಕರೆಗಳು. ತಿಂಗಳುಗಟ್ಟಲೆ ಬಿಟ್ಟರೆ ಅವು ಸೊರಗುತ್ತವೆ. ನನಗಂತೂ ಮೂರನೇ ವಾರದಲ್ಲೇ ನಾರು ಕಡಿಮೆಯಾಗಿ ಮಲಬದ್ಧತೆ ಶುರುವಾಯಿತು. ಮಲ ಒಳಗೇ ಕೂತರೆ ಉಬ್ಬರ ಮತ್ತೆ ಬರುತ್ತದೆ. ಓಟ್ಸ್ ಸೇರಿಸಿ, ನೀರು ಹೆಚ್ಚಿಸಿದ ಮೇಲೆ ಸರಿಹೋಯಿತು.

ನಿಜವಾದ ಉತ್ತರ ಸಿಕ್ಕಿದ್ದು ಒಂದೊಂದನ್ನೇ ವಾಪಸ್ ತಂದಾಗ. ಒಂದು ಪದಾರ್ಥ, ಮೂರು ದಿನ, ದಿನದಿನಕ್ಕೆ ಸ್ವಲ್ಪ ಹೆಚ್ಚು. ಆಮೇಲೆ ಮೂರು ದಿನ ಬಿಡುವು. ಹಾಲಿನಿಂದ ಶುರು ಮಾಡಿದೆ. ಎರಡನೇ ದಿನವೇ ಉಬ್ಬರ ಬಂದು ಹಾಲನ್ನು ದೂರಿದೆ. ಆಮೇಲೆ ನೋಡಿದರೆ ಆ ದಿನ ಹಾಕಿಕೊಂಡಿದ್ದ ಸಾಸಿನ ಲೇಬಲ್ಲಿನಲ್ಲಿ ಈರುಳ್ಳಿ ಪುಡಿ ಇತ್ತು. ಪೂರ್ತಿ ಮೊದಲಿನಿಂದ ಮಾಡಬೇಕಾಯಿತು. ಅಂದಿನಿಂದ ಪ್ಯಾಕೆಟ್ ತಿರುಗಿಸಿ ಓದುವುದು ಅಭ್ಯಾಸವಾಯಿತು: ಈರುಳ್ಳಿ ಪುಡಿ, ಬೆಳ್ಳುಳ್ಳಿ ಪುಡಿ, ನಾರು ಹೆಚ್ಚಿದೆ ಎಂದು ಮಾರುವ ಬಿಸ್ಕತ್ತಿನ ಇನುಲಿನ್ (ಅದೂ ಫ್ರಕ್ಟಾನೇ), ಚಿಕೋರಿ ಬೇರಿನ ನಾರು.

ಎರಡನೇ ಸಲ ಅರ್ಧ ಕಪ್ ಹಾಲು ಏನೂ ಮಾಡಲಿಲ್ಲ, ಒಂದು ಕಪ್ಪೂ ಸರಿ, ಒಂದೂವರೆ ಕಪ್ಪಿಗೆ ಗುಡುಗುಡು ಬಂತು. ಒಂದು ಕಪ್ ಹಾಲಿನಲ್ಲಿ ಸುಮಾರು 12 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಅದು ಒಗ್ಗದ ಬಹಳ ಜನರೂ ಅಷ್ಟನ್ನು ಒಂದು ಸಲಕ್ಕೆ ತಾಳಿಕೊಳ್ಳುತ್ತಾರೆ. ಮೊಸರಿನಿಂದ ಏನೂ ಆಗಲಿಲ್ಲ. ಬೆಳ್ಳುಳ್ಳಿಯ ಒಂದೇ ಎಸಳು ಏಳು ಗಂಟೆಯ ನಂತರ ಪಕ್ಕೆ ಹಿಡಿಯಿತು. ಈರುಳ್ಳಿ ಇನ್ನೂ ಕೆಟ್ಟದ್ದು, ಕಾಲು ಭಾಗಕ್ಕೇ ಹೊಟ್ಟೆ ಉಬ್ಬಿತು. ಬ್ರೆಡ್ ಎರಡು ಹೋಳು ಒಂಟಿಯಾಗಿ ತಿಂದರೆ ತೊಂದರೆಯಿಲ್ಲ, ಸೇಬಿನ ಜೊತೆ ತಿಂದರೆ ಇದೆ. ಒಂದೊಂದೂ ತಾಳುವಷ್ಟೇ ಇದ್ದರೂ ಒಂದೇ ಹೊತ್ತಿನಲ್ಲಿ ಕೂಡಿದರೆ ಮಿತಿ ಮೀರುತ್ತದೆ. ಬೆಳಗಿನ ತಟ್ಟೆಯಲ್ಲಿ ನಡೆಯುತ್ತಿದ್ದದ್ದು ಅದೇ.

ನನಗೆ ಅತಿ ಆಶ್ಚರ್ಯವಾದದ್ದು ಕಾಳು. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಚೆನ್ನಾಗಿ ಬೇಯಿಸಿ ಕಾಲು ಕಪ್ ತಿಂದೆ. ಏನೂ ಆಗಲಿಲ್ಲ. ಅದರ ಸಕ್ಕರೆ ಒಡೆಯುವ ಕಿಣ್ವ ಮನುಷ್ಯರ ಕರುಳಿನಲ್ಲಿಲ್ಲ, ಹಾಗಾಗಿ ಎಲ್ಲರಿಗೂ ಅದು ಸ್ವಲ್ಪ ಗ್ಯಾಸ್ ಮಾಡುತ್ತದೆ. ಆದರೆ ನೆನೆಸಿದ ನೀರಿನೊಂದಿಗೆ ಒಂದಷ್ಟು ಹೊರಗೆ ಹೋಗುತ್ತದೆ. ಇಷ್ಟಪಟ್ಟು ತಿನ್ನುತ್ತಿದ್ದ ಆಹಾರವನ್ನು ಮೂರು ವರ್ಷ ಸುಮ್ಮನೆ ಬಿಟ್ಟಿದ್ದೆನಲ್ಲ ಎಂದು ಬೇಸರವಾಯಿತು.

ಬೆಳ್ಳುಳ್ಳಿಯ ರುಚಿ ಬಿಡಬೇಕಾಗಲಿಲ್ಲ. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಇಡೀ ಎಸಳನ್ನು ಎಣ್ಣೆಯಲ್ಲಿ ಹುರಿದು, ಬೇರೇನೂ ಹಾಕುವ ಮೊದಲು ಎಸಳು ತೆಗೆದರೆ ಘಮ ಎಣ್ಣೆಯಲ್ಲಿ ಉಳಿಯುತ್ತದೆ. ಆಗಾಗ ಮಾಡಿ ಆಗಲೇ ಬಳಸಬೇಕು, ಬಾಟಲಿಯಲ್ಲಿ ಹೊರಗಿಟ್ಟರೆ ಅಪಾಯಕಾರಿ ಬ್ಯಾಕ್ಟೀರಿಯಾ ಬೆಳೆಯಬಹುದು.

ಗುಳ್ಳೆ ಒಡೆಯುವ ಸಿಮೆಥಿಕೋನ್ ಮಾತ್ರೆಯಿಂದ ನನಗೆ ಉಪಯೋಗವಾಗಲಿಲ್ಲ. ಊಟದ ನಂತರ ಹದಿನೈದು ನಿಮಿಷ ನಡೆಯುವುದರಿಂದ ಆಯಿತು. ಹಿಡಿತ ಜೋರಾದಾಗ ಅಂಗಾತ ಮಲಗಿ ಎರಡೂ ಮೊಣಕಾಲು ಎದೆಗೆ ಒತ್ತಿಕೊಂಡರೆ ಸಿಕ್ಕಿಕೊಂಡ ಗ್ಯಾಸ್ ಸರಿಯುತ್ತದೆ.

ಈಗ ಲೆಕ್ಕ ದಿನಕ್ಕೆ 12ರಿಂದ 15. ಈರುಳ್ಳಿ ಇಲ್ಲದ ಅಡುಗೆ ಮೊದಲು ಸಪ್ಪೆ ಎನಿಸುತ್ತಿತ್ತು. ಈ ವಾರ ಎಳೆ ಈರುಳ್ಳಿಯ ಹಸಿರು ಎಲೆ ಮಾತ್ರ ಹೆಚ್ಚಿ ಆಮ್ಲೆಟ್‌ಗೆ ಹಾಕಿ ನೋಡುತ್ತಿದ್ದೇನೆ, ಫ್ರಕ್ಟಾನ್ ಹೆಚ್ಚಿರುವುದು ಬಿಳಿ ಗೆಡ್ಡೆಯಲ್ಲಿ. ಇವತ್ತು ಮೂರನೇ ದಿನ, ಎರಡು ಚಮಚ. ಸಂಜೆ ಆರಾಗಿದೆ, ಕಾಲಂ ಇನ್ನೂ ಖಾಲಿ ಇದೆ.