ಪೊಲೀಸರು ಬಂದ ಮೇಲೆ ಏನಾಗಬೇಕು?

ತೈವಾನಿನವರೂ ಚೀನಾದ ಮುಖ್ಯಭೂಮಿಯವರೂ ಕೌಟುಂಬಿಕ ಹಿಂಸೆಯ ವಿಷಯದಲ್ಲಿ ಪೊಲೀಸರಿಂದ ಏನನ್ನು ಬಯಸುತ್ತಾರೆಂದು ತಿಳಿಯಲು ಸಂದರ್ಶನಗಳನ್ನು ನಡೆಸಿದಾಗ, ‘ಪೊಲೀಸರು ಮಧ್ಯೆ ಬರಬೇಕೇ?’ ಎಂಬ ಪ್ರಶ್ನೆಯನ್ನು ನಾನು ಉದ್ದೇಶಪೂರ್ವಕವಾಗಿಯೇ ಕೈಬಿಟ್ಟೆ. ಅಪರಿಚಿತರ ಎದುರು ಅದಕ್ಕೆ ಬೇಡವೆನ್ನುವವರು ವಿರಳ. ಬದಲಿಗೆ ಒಂದು ಪ್ರಸಂಗವನ್ನು ಓದಿ ಹೇಳುತ್ತಿದ್ದೆ: ರಾತ್ರಿ ನೆರೆಯವರು ಕರೆ ಮಾಡಿದ್ದಾರೆ, ಹೆಂಡತಿಯ ತುಟಿ ಒಡೆದಿದೆ, ಗಂಡ ಶಾಂತನಾಗಿ ಕುಳಿತಿದ್ದಾನೆ, ಪೊಲೀಸರು ಬುದ್ಧಿ ಹೇಳಿ ಹೊರಡಬೇಕೇ, ಲಿಖಿತ ಎಚ್ಚರಿಕೆ ಕೊಡಬೇಕೇ, ಅವನನ್ನು ಬಂಧಿಸಬೇಕೇ? ಬಳಿಕ ಒಂದೊಂದೇ ವಿವರವನ್ನು ಬದಲಿಸುತ್ತಿದ್ದೆ. ಹೆಂಡತಿಯೇ ‘ಏನೂ ಆಗಿಲ್ಲ’ ಎಂದರೆ? ಮಗು ಎದುರಿಗಿದ್ದರೆ?

ವಿದೇಶೀಯರು ಮುಖ್ಯಭೂಮಿಯಲ್ಲಿ ನೇರವಾಗಿ ಸಮೀಕ್ಷೆ ನಡೆಸುವಂತಿಲ್ಲವಾದ್ದರಿಂದ ಅಲ್ಲಿಂದ ಹಾಂಗ್‌ಕಾಂಗಿಗೆ ಓದಲು ಬಂದವರೊಡನೆ ಮಾತಾಡಿದೆ. ಅವರ ಉತ್ತರ ಇಡೀ ದೇಶದ ಉತ್ತರವಲ್ಲ.

‘ನಿಷ್ಪಕ್ಷಪಾತಿ ಅಧಿಕಾರಿಗೂ ಮನೆಯ ಜಗಳ ಬಗೆಹರಿಸುವುದು ಕಷ್ಟ’ ಎಂಬ ಚೀನೀ ಗಾದೆಯನ್ನು ತೋರಿಸಿ, ಅಲ್ಲಿನ ಜನಕ್ಕೆ ಮನೆಯೊಳಗೆ ಪೊಲೀಸರು ಬರುವುದೇ ಇಷ್ಟವಿಲ್ಲ ಎನ್ನುವವರಿದ್ದಾರೆ. (‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎನ್ನುವ ನಾವು ಈ ವಾದವನ್ನು ಬೇಗ ಒಪ್ಪಿಬಿಡುತ್ತೇವೆ.) ಆ ಚೀನೀ ಗಾದೆ ತೈವಾನ್, ಮುಖ್ಯಭೂಮಿ ಎರಡೂ ಕಡೆ ಒಂದೇ ಆದರೂ ಕಾನೂನಿನ ಅನುಭವ ಒಂದೇ ಅಲ್ಲ. ತೈವಾನಿನಲ್ಲಿ ಕೌಟುಂಬಿಕ ಹಿಂಸೆ ತಡೆಯುವ 1998ರ ಕಾಯ್ದೆಯ ಪ್ರಕಾರ ಪೊಲೀಸರೇ ಸಂತ್ರಸ್ತೆಗಾಗಿ ರಕ್ಷಣಾ ಆದೇಶ (ಹಿಂಸಿಸುವವನನ್ನು ತಡೆಯುವ ನ್ಯಾಯಾಲಯದ ಆದೇಶ) ಕೋರಬಹುದು, ಅದನ್ನು ಮೀರುವುದು ಅಪರಾಧ. ಮುಖ್ಯಭೂಮಿಯಲ್ಲಿ ಇಂಥದೇ ಕಾಯ್ದೆ ಜಾರಿಗೆ ಬಂದದ್ದು 2016ರ ಮಾರ್ಚ್ 1ರಂದು. ಲಘು ಪ್ರಕರಣಗಳಲ್ಲಿ ಪೊಲೀಸರು ಲಿಖಿತ ಎಚ್ಚರಿಕೆ ಕೊಡಬಹುದು, ರಕ್ಷಣಾ ಆದೇಶವನ್ನು ನ್ಯಾಯಾಲಯ ಸಾಮಾನ್ಯವಾಗಿ 72 ಗಂಟೆಗಳೊಳಗೆ, ತುರ್ತಿದ್ದರೆ 24 ಗಂಟೆಗಳೊಳಗೆ ತೀರ್ಮಾನಿಸಬೇಕು.

ಆದ್ದರಿಂದ ಪ್ರತಿ ಪ್ರಸಂಗಕ್ಕೂ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿದೆ: ಪೊಲೀಸರು ಏನು ಮಾಡಬೇಕು, ನಿಜಕ್ಕೂ ಏನು ಮಾಡುತ್ತಾರೆ? ಇಡೀ ಕೆಲಸದ ಸತ್ವವಿರುವುದು ಇಲ್ಲಿಯೇ ಎಂದು ನನ್ನ ಭಾವನೆ. ಮುಖ್ಯಭೂಮಿಯ ಯುವತಿಯರಲ್ಲಿ ಬಂಧನವನ್ನೇ ಬಯಸಿದ ಹಲವರು, ಎರಡನೆಯ ಪ್ರಶ್ನೆಗೆ ‘ಮನೆಯ ವಿಷಯ, ರಾಜಿಯಾಗಿ ಎಂದು ಹೇಳಿ ಹೋಗುತ್ತಾರೆ’ ಎಂದರು. 2020ರಲ್ಲಿ ನೇರಪ್ರಸಾರ ಮಾಡುತ್ತಿದ್ದಾಗಲೇ ಮಾಜಿ ಗಂಡನಿಂದ ಬೆಂಕಿಗೀಡಾಗಿ ಸತ್ತ ಟಿಬೆಟನ್ ಮಹಿಳೆ ಲಾಮೋಳನ್ನು ಕೆಲವರು ತಾವಾಗಿಯೇ ನೆನೆದರು. ತೈಪೆಯಲ್ಲಿ ಸಿಕ್ಕ ನಡುವಯಸ್ಸಿನವರು ಬಂಧನದ ಬಗ್ಗೆ ಅಷ್ಟು ಒತ್ತಿ ಹೇಳದಿದ್ದರೂ ಅವರ ಎರಡು ಉತ್ತರಗಳ ನಡುವೆ ಅಂತರ ಕಡಿಮೆಯಿತ್ತು.

ಮೊದಲು ಯಾರಿಗೆ ಕರೆ ಮಾಡುತ್ತೀರಿ ಎಂದು ಕೊನೆಯಲ್ಲಿ ಕೇಳುತ್ತಿದ್ದೆ. ಬಂಧನ ಬೇಕೆಂದ ಅದೇ ಯುವತಿಯರು ಪೊಲೀಸರ ತುರ್ತು ಸಂಖ್ಯೆ 110ಕ್ಕಿಂತ ಮುಂಚೆ ತವರಿಗೆ ಎಂದಾಗ, ಅದನ್ನು ಸಂಪ್ರದಾಯಪ್ರಿಯತೆ ಎಂದು ಬರೆಯದೆ, ಪೊಲೀಸರ ಬಗೆಗಿನ ಅವರ ಅಂದಾಜು ಎಂದೇ ದಾಖಲಿಸಿದೆ.