ಹೊಸ ಲೆನ್ಸಿನ ಒಂದು ಅಂಚು ಮಸುಕಾದಾಗ

ಮದುವೆಯ ಗುಂಪುಚಿತ್ರವನ್ನು ಆಲ್ಬಂನಲ್ಲಿ 12 ಇಂಚು ಎತ್ತರ, 36 ಇಂಚು ಅಗಲದ ಜೋಡಿಪುಟದ ತುಂಬ ಹಾಕಿಸುವವರು ನಮ್ಮ ಕಡೆ ಬಹಳ. ಸಾಲಿನ ತುದಿಯಲ್ಲಿ ನಿಂತ ಸೋದರಮಾವನ ಮುಖವೂ ವಧೂವರರ ಮುಖದಷ್ಟೇ ಸ್ಪಷ್ಟವಾಗಿ ಮೂಡಬೇಕೆಂಬುದು ನನ್ನ ಹಟ. ಹಾಗಾಗಿ, ಹೊಸದಾಗಿ ಕೊಂಡ 35 ಮಿ.ಮೀ. ಲೆನ್ಸಿನ ಚಿತ್ರಗಳಲ್ಲಿ ಬಲ ಅಂಚು ಎಡಕ್ಕಿಂತ ಮಸುಕಾಗಿ ಕಂಡಾಗ, ಅದನ್ನು ಮದುವೆಮನೆಗೆ ಒಯ್ಯುವ ಮೊದಲೇ ಪರೀಕ್ಷಿಸಿದೆ.

ಅಂಚುಗಳು ನಡುಭಾಗಕ್ಕಿಂತ ಮೃದುವಾಗಿರುವುದು ದೋಷವಲ್ಲ, ಬಹುತೇಕ ಲೆನ್ಸುಗಳ ಸ್ವಭಾವ. ಆದರೆ ಎರಡೂ ಅಂಚುಗಳು ಸಮನಾಗಿ ಮೃದುವಾಗಿರಬೇಕು. ಲೆನ್ಸಿನೊಳಗಿನ ಗಾಜಿನ ಬಿಲ್ಲೆಗಳ ಕೇಂದ್ರಗಳೆಲ್ಲ ಒಂದೇ ರೇಖೆಯಲ್ಲಿರಬೇಕಾಗಿದ್ದು, ಜೋಡಣೆಯಲ್ಲಿ ಒಂದು ಬಿಲ್ಲೆ ಪಕ್ಕಕ್ಕೆ ಸರಿದರೂ ಓರೆಯಾದರೂ ಚಿತ್ರದ ಒಂದು ಬದಿ ಕೆಡುತ್ತದೆ.

ಚಿತ್ರದುರ್ಗದಲ್ಲಿ ಕೋಟೆಯ ಗೋಡೆ ಹತ್ತಿರದಲ್ಲೇ ಇದ್ದರೂ ನಾನು ಅದನ್ನು ಆರಿಸಲಿಲ್ಲ. ಗೋಡೆಗೆ ಕ್ಯಾಮೆರಾ ತುಸು ಓರೆಯಾಗಿ ನಿಂತರೂ ಒಂದು ಬದಿ ದೂರವಾಗಿ, ಇಲ್ಲದ ದೋಷವೂ ಕಂಡೀತು. ಬದಲಿಗೆ ತಾರಸಿಯ ಮೇಲೆ ಟ್ರೈಪಾಡ್ ಇಟ್ಟು, ಜೋಗಿಮಟ್ಟಿ ಕಡೆಯ ಗುಡ್ಡದ ಮೇಲಿನ ಒಂದು ಗಾಳಿಯಂತ್ರದ ಕಂಬವನ್ನು ಗುರಿಯಾಗಿಸಿಕೊಂಡೆ. ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ; ಸಂಖ್ಯೆ ಹೆಚ್ಚಿದಷ್ಟೂ ಅದು ಕಿರಿದು) 1.8ಕ್ಕೆ ಪೂರ್ತಿ ತೆರೆದು, ಕಂಬವನ್ನು ಪರದೆಯಲ್ಲಿ ಹಿಗ್ಗಿಸಿ ನಡುವೆ ಕೈಯಿಂದಲೇ ಫೋಕಸ್ ಮಾಡಿ, ಆಮೇಲೆ ಫೋಕಸ್ ಮುಟ್ಟದೆ ಕ್ಯಾಮೆರಾವನ್ನಷ್ಟೇ ತಿರುಗಿಸುತ್ತ ಅದೇ ಕಂಬವನ್ನು ಎಡ ಅಂಚಿಗೂ ಬಲ ಅಂಚಿಗೂ ತಂದು ಚಿತ್ರ ತೆಗೆದೆ. ಗುರಿ ಒಂದೇ, ದೂರವೂ ಒಂದೇ ಆದುದರಿಂದ ವ್ಯತ್ಯಾಸ ಉಳಿದರೆ ಅದು ಉಪಕರಣದ್ದೇ ಆಗಿರಬೇಕು. ಈ ಕೆಲಸಕ್ಕೆ ಬೆಳಗಿನ ಹೊತ್ತೇ ಆಗಬೇಕು. ಬಿಸಿಲೇರಿ ಬಂಡೆಗಳು ಕಾದ ಮೇಲೆ ಗಾಳಿ ಅಲುಗಿ ದೂರದ್ದೆಲ್ಲ ಕದಡುತ್ತದೆ.

ಬಲದಲ್ಲಿ ಕಂಬ ಎರಡೆರಡಾಗಿ ಕದಡಿತ್ತು. ಬಲ ಅಂಚಿನಲ್ಲಿಯೇ ಹೊಸದಾಗಿ ಫೋಕಸ್ ಮಾಡಿದರೂ ಅದು ತಿಳಿಯಾಗಲಿಲ್ಲ. ಅಪರ್ಚರನ್ನು 4ಕ್ಕೆ ಕಿರಿದಾಗಿಸಿದರೂ ಮಸುಕು ಉಳಿಯಿತು. 8ರಲ್ಲಿ ಮಾತ್ರ ಬಹುಪಾಲು ಮರೆಯಾಯಿತು. ಬಿಸಿಲಿನಲ್ಲಿ ಅಪರ್ಚರ್ ಕಿರಿದಾಗಿಸಿ ನೋಡಿದವರಿಗೆ ಇಂಥ ದೋಷ ತಪ್ಪಿಹೋಗುವುದು ಇದರಿಂದಲೇ. ಕ್ಯಾಮೆರಾದಲ್ಲಿ ಲೆನ್ಸು ಕೂರುವ ಮೌಂಟ್ ಓರೆಯಾಗಿದ್ದರೂ ಹೀಗಾಗಬಹುದಾದ್ದರಿಂದ, ನನ್ನ ಹಳೆಯ 50 ಮಿ.ಮೀ. ಲೆನ್ಸನ್ನು ಅದೇ ಕ್ಯಾಮೆರಾಕ್ಕೆ ಹಾಕಿ ನೋಡಿದೆ. ಅದರಲ್ಲಿ ಎರಡು ಬದಿಯೂ ಸಮನಾಗಿದ್ದವು.

ದಾವಣಗೆರೆಯ ಅಂಗಡಿಯವರು ಮೊದಲಿಗೆ, "ಎಲ್ಲಾ ಲೆನ್ಸಿನ ಅಂಚೂ ಹಂಗೇ ಇರ್ತಾವೆ ಸರ್," ಎಂದರು. ಎಡ ಬಲದ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು, ಹಳೆಯ ಲೆನ್ಸಿನದನ್ನೂ ತೋರಿಸಿದ ಮೇಲೆ ಅವರು ವಾದಿಸಲಿಲ್ಲ. ಬಿಲ್ಲು, ಡಬ್ಬ, ಭರ್ತಿ ಮಾಡದ ವಾರಂಟಿ ಕಾರ್ಡು ಎಲ್ಲವೂ ಜೊತೆಗಿದ್ದವು. ರಿಪೇರಿಗೆ ಕಳಿಸೋಣವೆಂದಾಗ ನಾನು ಒಪ್ಪದೆ ಬದಲಿ ಲೆನ್ಸನ್ನೇ ಕೇಳಿದೆ. ಹೊಸ ಸಾಮಾನಿನ ಬೆಲೆ ಕೊಟ್ಟವನಿಗೆ ಬಿಚ್ಚಿ ಜೋಡಿಸಿದ ಲೆನ್ಸು ಸಲ್ಲದು. ಅವರು ಒಪ್ಪದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಖರೀದಿ ದಾವಣಗೆರೆಯದಾದರೂ ನಾನು ವಾಸವಿರುವ ಚಿತ್ರದುರ್ಗದ ಜಿಲ್ಲಾ ಆಯೋಗದಲ್ಲಿಯೇ ದೂರು ಕೊಡಲು ಅವಕಾಶವಿತ್ತು. ಅದರ ಅಗತ್ಯ ಬೀಳಲಿಲ್ಲ.

ಬದಲಿಯಾಗಿ ಬಂದ ಲೆನ್ಸನ್ನು ಅಂಗಡಿಯ ಬಾಗಿಲಲ್ಲೇ, ದೂರದ ಕಟ್ಟಡದ ನೀರಿನ ಟ್ಯಾಂಕಿನ ಮೇಲಿನ ಅಕ್ಷರಗಳನ್ನು ಗುರಿಯಾಗಿಸಿ ಹೀಗೆಯೇ ಪರೀಕ್ಷಿಸಿದೆ. 1.8ರಲ್ಲಿ ಎಡ ಅಂಚು ಕೂದಲೆಳೆಯಷ್ಟು ಮೃದುವಾಗಿತ್ತು, 2.8ಕ್ಕೆ ಸಮನಾಯಿತು. ಗುಂಪುಚಿತ್ರಗಳಿಗೆ ನಾನು 4ಕ್ಕಿಂತ ಹೆಚ್ಚು ತೆರೆಯುವುದಿಲ್ಲವಾದ್ದರಿಂದ ಅದನ್ನು ಒಪ್ಪಿ ತಂದೆ.